ಮುಟ್ಟಿತೆಂಬ ಮಾತು: ಕೊಡಗಿನ ಕಂದಾಯದ ಚೀಟಿ

ತೆರಿಗೆ ಕಟ್ಟಿದವನಿಗೆ ಸರ್ಕಾರದಿಂದ ಬೇಕಾಗುವ ಮಾತು ಒಂದೇ: ಮುಟ್ಟಿತು. 'ರಸೀದಿ' ಎಂಬ ಪದದ ಹೊಟ್ಟೆಯಲ್ಲಿರುವುದೂ ಇದೇ ಅರ್ಥ. ಪಾರಸಿ ಭಾಷೆಯಲ್ಲಿ 'ರಸೀದ್' ಎಂದರೆ 'ತಲುಪಿತು'. ಮರಾಠಿಯಲ್ಲಿ 'ಪಾವತಿ' ಎಂದರೆ ರಸೀದಿ; ಕನ್ನಡದಲ್ಲಿ ಅದು ಹಣ ಕೊಡುವ ಕ್ರಿಯೆಗೇ ಹೆಸರಾಗಿದೆ. ಕೊಟ್ಟದ್ದಕ್ಕೂ ಮುಟ್ಟಿದ್ದಕ್ಕೂ ನಡುವೆ ಇರುವ ಅಂತರವನ್ನು ಭಾಷೆ ಮರೆತರೂ ತೆರಿಗೆದಾರ ಮರೆಯುವಂತಿಲ್ಲ. ಕೊಡಗಿನ ಕಂದಾಯದ ಚರಿತ್ರೆಯನ್ನು ಈ ಅಂತರದ ಚರಿತ್ರೆಯಾಗಿಯೂ ಓದಬಹುದು.

ಇಕ್ಕೇರಿಯ ವಂಶದವರೆಂದು ಹೇಳಲಾಗುವ ಹಾಲೇರಿ ಅರಸರಲ್ಲಿ 1811ರಿಂದ 1820ರವರೆಗೆ ಆಳಿದ ಲಿಂಗರಾಜೇಂದ್ರ, ರಾಜ್ಯದ ಭೂಮಿಯನ್ನೆಲ್ಲ ಅಳೆಯಿಸಿ ತೆರಿಗೆ ಗೊತ್ತುಮಾಡಿದ. ಇದೇ 'ಲಿಂಗರಾಜನ ಶಿಸ್ತು'. (ಕೆಳದಿಯ ಶಿವಪ್ಪನಾಯಕನ ಶಿಸ್ತು ಅದಕ್ಕೂ ಒಂದೂವರೆ ಶತಮಾನ ಹಿಂದಿನದು. ತೆರಿಗೆಯ ನಿಗದಿಗೂ ನಡತೆಯ ಅಚ್ಚುಕಟ್ಟಿಗೂ ಕನ್ನಡ ಒಂದೇ ಪದ ಇಟ್ಟುಕೊಂಡಿರುವುದು ಕಂದಾಯ ಅಧಿಕಾರಿಗಳಿಗೆ ಸಂತೋಷ ಕೊಡಬೇಕು.) ಗದ್ದೆಯ ಅಳತೆ ಎಕರೆಯಲ್ಲಲ್ಲ, ಅದು ಕೊಡುವ ಬತ್ತದ 'ಭಟ್ಟಿ'ಯಲ್ಲಿ. ನೂರು ಭಟ್ಟಿಯ ಸಾಗು ಜಮೀನಿಗೆ 10 ರೂಪಾಯಿ. ಕರೆದಾಗ ರಾಜನ ಸೇವೆಗೆ ಹೊರಡಬೇಕಾಗಿದ್ದ ಜಮ್ಮಾ ಹಿಡುವಳಿದಾರನಿಗೆ ಅದರರ್ಧ, 5 ರೂಪಾಯಿ. ಗದ್ದೆಗೆ ಸೊಪ್ಪು ಸೌದೆ ಒದಗಿಸುವ ಬಾಣೆಗೆ ತೆರಿಗೆಯಿಲ್ಲ. ಅಧಿಕಾರಿಗಳ ಕೈಕಟ್ಟಲು ಅದೇ ದೊರೆ ಒಂದು ಹುಕುಂನಾಮೆಯನ್ನೂ ಹೊರಡಿಸಿದ. ಕೊಡಬೇಕಾದದ್ದು ಇಷ್ಟೇ ಎಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಲದು, ಅದಕ್ಕಿಂತ ಹೆಚ್ಚು ಕೀಳದಂತೆ ನೋಡಿಕೊಳ್ಳಬೇಕು ಎಂಬುದು ಅವನಿಗೆ ತಿಳಿದಿತ್ತು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಜಮ್ಮಾ ದರವನ್ನು ಹಾಗೇ ಉಳಿಸಿತು. ಶಿಸ್ತಿನ ಪುಸ್ತಕಗಳನ್ನೂ ಆಧಾರವಾಗಿ ಇಟ್ಟುಕೊಂಡಿತು. ತಪ್ಪಿದ್ದು ಘಟ್ಟದ ಕೆಳಗೆ. ಕೊಡಗಿಗೆ ಸೇರಿದ್ದ ಅಮರಸುಳ್ಯ ಮತ್ತು ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಲಾಯಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತ ಇನ್ನು ನಾಣ್ಯದಲ್ಲೇ ಕೊಡಬೇಕಾಯಿತು. ಮೇಲ್ನೋಟಕ್ಕೆ ಇದು ಲೆಕ್ಕಪತ್ರದ ಸುಧಾರಣೆ. ಆದರೆ ನಾಣ್ಯ ಗದ್ದೆಯಲ್ಲಿ ಬೆಳೆಯುವುದಿಲ್ಲ. ಸುಗ್ಗಿಯಾದೊಡನೆ ಎಲ್ಲರೂ ಬತ್ತ ಮಾರಲು ಹೊರಟರೆ ಬೆಲೆ ಕುಸಿಯುತ್ತದೆ, ಸಾಹುಕಾರನ ಬಾಗಿಲು ತಟ್ಟಬೇಕಾಗುತ್ತದೆ. ಇನ್ನೂ ಒಂದು ವ್ಯತ್ಯಾಸವಿದೆ: ಕಣಜಕ್ಕೆ ಸುರಿದ ಬತ್ತವನ್ನು ಊರು ನೋಡಿರುತ್ತದೆ; ಕಚೇರಿಯ ಮೇಜಿನ ಮೇಲೆ ಎಣಿಸಿಟ್ಟ ನಾಣ್ಯಕ್ಕೆ ಸಾಕ್ಷಿ ಕಾಗದವೊಂದೇ.

1837ರ ಮಾರ್ಚ್ ಕೊನೆಯಲ್ಲಿ ದಂಗೆ ಎದ್ದಿತು. ಕೆದಂಬಾಡಿ ರಾಮಯ್ಯಗೌಡ ಮೊದಲಾದವರ ಮುಂದಾಳತ್ವದಲ್ಲಿ ರೈತರು ಮೊದಲು ಹಿಡಿದದ್ದು ಬೆಳ್ಳಾರೆಯ ಖಜಾನೆಯನ್ನು. ನಾಣ್ಯ ಹೋಗಿ ಸೇರುತ್ತಿದ್ದ ಜಾಗ ಯಾವುದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು! ಏಪ್ರಿಲ್ 5ರಂದು ಮಂಗಳೂರು ಅವರ ಕೈಸೇರಿ, ಹದಿಮೂರು ದಿನ ಅವರ ಕೈಯಲ್ಲೇ ಇತ್ತು. ಅಕ್ಟೋಬರ್ 31ರಂದು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಘಟ್ಟದ ಮೇಲೆ ಕಾಗದ ನಿಧಾನವಾಗಿ ಬಲವಾಯಿತು. 1899ರಲ್ಲಿ ಕೊಡಗಿನ ಭೂಕಂದಾಯ ರೆಗ್ಯುಲೇಷನ್ ಬಂದಿತು. ಜಮ್ಮಾ ಭೂಮಿ ಇಡೀ ಒಕ್ಕದ್ದು. ದಾಖಲೆಯಲ್ಲಿ ಮಾತ್ರ ಅದು ಪಟ್ಟೇದಾರನೊಬ್ಬನ ಹೆಸರಿನಲ್ಲಿ. ಅವನು ತೀರಿಕೊಂಡ ಎಷ್ಟೋ ವರ್ಷಗಳ ಮೇಲೂ ಹೆಸರು ಬದಲಾಗದೆ ಉಳಿದ ಮನೆತನಗಳು ಬಹಳ. ಕಟ್ಟಿದವನು ಮರಿಮಗ, ದಾಖಲೆಯಲ್ಲಿ ಮುತ್ತಜ್ಜ. ತೆರಿಗೆ ಕಟ್ಟಿದ ರಸೀದಿಯಿಂದ ಸ್ವಾಧೀನಕ್ಕೆ ಬೆಂಬಲ ಸಿಕ್ಕೀತು, ಒಡೆತನ ಮಾತ್ರ ಹುಟ್ಟುವುದಿಲ್ಲ ಎಂಬುದು ನ್ಯಾಯಾಲಯಗಳ ನಿಲುವು. ಹೀಗಿದ್ದರೂ ಹಳೆಯ ಕಂದಾಯದ ಕಾಗದಗಳನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟವರು ದಡ್ಡರಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. ಜಮ್ಮಾ ಹಿಡುವಳಿಯ ಆಧಾರದಲ್ಲಿ ಅದನ್ನು ಕೇಳುವವನು ದಾಖಲೆ ತೋರಿಸಲೇಬೇಕು.

ಭೂಕಂದಾಯದಲ್ಲಿ ಲೆಕ್ಕ ಹಾಕುವವನು ಸರ್ಕಾರ, ಕಟ್ಟುವವನು ರೈತ. ಆದಾಯ ತೆರಿಗೆ ಈ ಕ್ರಮವನ್ನೇ ತಿರುವಿಹಾಕಿತು: ತೆರಿಗೆದಾರನೇ ತನ್ನ ಲೆಕ್ಕ ಬರೆದು ಒಪ್ಪಿಸಬೇಕು. ಕೃಷಿ ಆದಾಯದ ಮೇಲಿನ ತೆರಿಗೆ ಕೇಂದ್ರದ್ದಲ್ಲ, ರಾಜ್ಯದ ಅಧಿಕಾರ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗಲೇ 1951ರಲ್ಲಿ ತನ್ನದೇ ಕೃಷಿ ಆದಾಯ ತೆರಿಗೆ ಕಾಯ್ದೆ ಮಾಡಿಕೊಂಡಿತ್ತು. ವಿಲೀನದ ಮರುವರ್ಷ, 1957ರಲ್ಲಿ, ಮೈಸೂರು ರಾಜ್ಯದ ಕಾಯ್ದೆ ಅದರ ಜಾಗಕ್ಕೆ ಬಂದಿತು. ಕಾಫಿ ಬೆಳೆಗಾರನ ಲೆಕ್ಕವಂತೂ ಸುಲಭದ್ದಲ್ಲ. ಬೆಳೆಯನ್ನು ಕಾಫಿ ಮಂಡಳಿಯ 'ಪೂಲ್'ಗೆ ಒಪ್ಪಿಸಬೇಕಿದ್ದ ಕಾಲದಲ್ಲಿ ಹಣ ಕಂತು ಕಂತಾಗಿ, ಮುಂದಿನ ವರ್ಷಗಳಿಗೂ ಹರಡಿಕೊಂಡು ಬರುತ್ತಿತ್ತು. ಕಾಫಿ ಮಂಡಳಿಗೆ ಮುಟ್ಟಿದ ದಿನ ಒಂದು, ಹಣ ಬೆಳೆಗಾರನಿಗೆ ಮುಟ್ಟಿದ ದಿನ ಇನ್ನೊಂದು. ಪೂಲ್ ವ್ಯವಸ್ಥೆ 1996ಕ್ಕೆ ಪೂರ್ಣವಾಗಿ ಕೊನೆಗೊಂಡಿತು. 2002ರಲ್ಲಿ ಕೇಂದ್ರದ ನಿಯಮ ಬದಲಾಗಿ, ಬೆಳೆದು ಸಂಸ್ಕರಿಸಿದ ಕಾಫಿ ಮಾರುವವನ ಆದಾಯದ ಶೇ. 25 ಭಾಗ ಕೇಂದ್ರದ ಆದಾಯ ತೆರಿಗೆಗೆ ಒಳಪಟ್ಟಿತು.

ಇಡೀ ದೇಶದ ರಿಟರ್ನುಗಳು ಬಂದು ಸೇರುವ ಜಾಗ ಕರ್ನಾಟಕದಲ್ಲೇ ಇರುವುದು ಒಂದು ವಿಶೇಷ. 2009ರ ಸುಮಾರಿಗೆ ಬೆಂಗಳೂರಿನಲ್ಲಿ ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಆರಂಭವಾಯಿತು. ರಿಟರ್ನನ್ನು ಗಣಕಯಂತ್ರದ ಮೂಲಕ ಸಲ್ಲಿಸಿ, ಡಿಜಿಟಲ್ ಸಹಿ ಇಲ್ಲದವರು 'ಐಟಿಆರ್-ವಿ' ಎಂಬ ಒಂದು ಹಾಳೆಗೆ ಸಹಿಮಾಡಿ ಎಲೆಕ್ಟ್ರಾನಿಕ್ ಸಿಟಿಯ ಅಂಚೆ ಚೀಲಕ್ಕೆ ಕಳುಹಿಸಬೇಕಿತ್ತು. ಮೊದಮೊದಲು ಸಾಧಾರಣ ಅಂಚೆಯಲ್ಲೇ ಕಳುಹಿಸಬೇಕೆಂಬ ಸೂಚನೆ ಬೇರೆ! ಕಳುಹಿಸಿದ್ದಕ್ಕೆ ಕೈಯಲ್ಲಿ ಪುರಾವೆ ಇಲ್ಲ; ಹಾಳೆ ಮುಟ್ಟದಿದ್ದರೆ ರಿಟರ್ನ್ ಸಲ್ಲಿಸಿಯೇ ಇಲ್ಲವೆಂದು ಲೆಕ್ಕ. ಮುಟ್ಟಿತೆಂಬ ಇ-ಮೇಲ್ ಬರುವವರೆಗೆ ಕಾಯುವುದೊಂದೇ ದಾರಿಯಾಗಿತ್ತು. 2015ರಲ್ಲಿ ಆಧಾರ್ ಆಧಾರಿತ ದೃಢೀಕರಣ ಬಂದಮೇಲೆ ಈ ಹಾಳೆಯ ಹಂಗು ಬಹುಮಟ್ಟಿಗೆ ತಪ್ಪಿತು.

ಸಾಮಾನ್ಯ ತೆರಿಗೆದಾರರಿಗೆ ಗಡುವು ಜುಲೈ 31, ಕೊಡಗಿನಲ್ಲಿ ಅದು ನಡುಮಳೆಗಾಲ. 2018ರಲ್ಲಿ ದೇಶಕ್ಕೆಲ್ಲ ಗಡುವು ಆಗಸ್ಟ್ 31ಕ್ಕೆ ಹೋಯಿತು. ಆ ಆಗಸ್ಟಿನ ನಡುವಿನಲ್ಲೇ ಮಡಿಕೇರಿಯ ಸುತ್ತ ಬೆಟ್ಟಗಳು ಕುಸಿದು ರಸ್ತೆಗಳು ಕಡಿದುಹೋದವು. ಪ್ರವಾಹದ ಕಾರಣದಿಂದ ಸೆಪ್ಟೆಂಬರ್ 15ರವರೆಗೆ ಹೆಚ್ಚುವರಿ ಕಾಲಾವಕಾಶ ಕೊಟ್ಟ ಆದೇಶ ಹೆಸರಿಸಿದ್ದು ಕೇರಳವನ್ನು. ಅದೇ ಮಳೆಗೆ ಸಿಕ್ಕಿದ್ದ ಕೊಡಗು ಬೆಟ್ಟದ ಈಚೆ ಕಡೆಯದು.

ಹಾಳೆ ಕಳುಹಿಸಲು ಇದ್ದ 120 ದಿನಗಳ ಅವಧಿಯನ್ನು 2022ರ ಆಗಸ್ಟ್ 1ರಿಂದ 30 ದಿನಕ್ಕೆ ಇಳಿಸಲಾಯಿತು. ಆಗ ಎಣಿಕೆಗೆ ಬರುತ್ತಿದ್ದುದು ಸ್ಪೀಡ್ ಪೋಸ್ಟಿಗೆ ಹಾಕಿದ ದಿನ. 2024ರ ಅಧಿಸೂಚನೆ ಅದನ್ನೂ ಬದಲಿಸಿತು: ಹಾಳೆ ಬೆಂಗಳೂರಿಗೆ ಮುಟ್ಟಿದ ದಿನವೇ ಲೆಕ್ಕಕ್ಕೆ.