ಹೆಸರು ಗ್ರೀಸಿನದು, ಬಟ್ಟೆ ನಮ್ಮದು

ತುಮಕೂರು ಜಿಲ್ಲೆಯ ಮಾಯಸಂದ್ರದಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ತೆಂಗಿನ ತೋಟಗಳನ್ನು ಹಾದು, ಬೆಳ್ಳೂರು, ನಾಗಮಂಗಲ ದಾಟಿ ಶ್ರೀರಂಗಪಟ್ಟಣ ಮುಟ್ಟುತ್ತದೆ. ಆ ಕೋಟೆಯ ಊರಿಗೂ ಫ್ರಾನ್ಸ್ ಕ್ರಾಂತಿಯ ಕಾಲದ ಉಡುಪಿಗೂ ನಂಟುಂಟು.

ಬ್ರಿಟಿಷರ ವಿರುದ್ಧ ಫ್ರಾನ್ಸಿನ ನೆರವು ಬೇಕೆಂದು, ಅಲ್ಲಿಂದ ಮೈಸೂರು ಆಳುತ್ತಿದ್ದ ಟಿಪ್ಪು ಸುಲ್ತಾನ್ ಮೂವರು ರಾಯಭಾರಿಗಳನ್ನು ಕಳಿಸಿದ: ಮಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮಹಮ್ಮದ್ ಉಸ್ಮಾನ್ ಖಾನ್. 1787ರಲ್ಲಿ ಪುದುಚೇರಿಯಲ್ಲಿ ಹಡಗು ಹತ್ತಿದವರು ಪ್ಯಾರಿಸ್ ಸೇರಿದ್ದು 1788ರ ಜುಲೈನಲ್ಲಿ. ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಅರಸ ಹದಿನಾರನೇ ಲೂಯಿ ಈ ಮೂವರಿಗೆ ದರ್ಶನ ಕೊಟ್ಟ. ಸೈನ್ಯದ ನೆರವು ಮಾತ್ರ ಸಿಗಲಿಲ್ಲ. ಅರಸನ ಬೊಕ್ಕಸವೇ ಬರಿದಾಗಿತ್ತು.

ಆದರೆ ಪ್ಯಾರಿಸ್ಸಿನ ಕಣ್ಣು ಅವರ ಉಡುಪಿನ ಮೇಲೆ ಬಿತ್ತು. ರಾಣಿಯ ಮೆಚ್ಚಿನ ಚಿತ್ರಗಾರ್ತಿ ವಿಜೀ ಲ ಬ್ರೂನ್ ಈ ರಾಯಭಾರಿಗಳನ್ನು ಒಪೆರಾದಲ್ಲಿ ಕಂಡು, ಚಿತ್ರ ಬರೆದೇ ತೀರಬೇಕೆಂದು ಹಟ ಹಿಡಿದಳು. ಅರಸ ಹೇಳಿದರಷ್ಟೇ ಒಪ್ಪುತ್ತೇವೆ ಎಂದರು ರಾಯಭಾರಿಗಳು. ಅರಸ ಹೇಳಿದ. ಮಸ್ಲಿನ್ ಎಂಬ ತೆಳು ಬಿಳಿ ಹತ್ತಿ ಬಟ್ಟೆಯ ಮೇಲೆ ಚಿನ್ನದ ಹೂ ಚೆಲ್ಲಿದ ನಿಲುವಂಗಿಯಲ್ಲಿ, ಕತ್ತಿಯ ಹಿಡಿಗೆ ಕೈಯಿಟ್ಟು ನಿಂತ ದರ್ವೇಶ್ ಖಾನ್ ಹೀಗೆ ಚಿತ್ರಪಟಕ್ಕಿಳಿದ. ಚಿತ್ರಕ್ಕೆ ಇನ್ನೂ ಜೀವ ಬರಬೇಕು ಎಂದು ಅವನು ಅದನ್ನು ಹಾಸಿಗೆಯ ಹಿಂದೆ ಅಡಗಿಸಿಟ್ಟ ಪ್ರಸಂಗವನ್ನು ಅವಳೇ ನೆನಪುಗಳಲ್ಲಿ ಬರೆದಿದ್ದಾಳೆ.

ಇದೇ ಚಿತ್ರಗಾರ್ತಿ 1783ರಲ್ಲಿ ರಾಣಿ ಮೇರಿ ಆಂಟೊನೆಟ್‌ಳನ್ನು ಬರಿಯ ಬಿಳಿ ಮಸ್ಲಿನ್ ಅಂಗಿಯಲ್ಲಿ ಚಿತ್ರಿಸಿದ್ದಳು. ರಾಣಿ ಒಳ ಉಡುಪಿನಲ್ಲಿ ನಿಂತಿದ್ದಾಳೆಂದು ಜನ ಕಿಡಿಕಾರಿದರು. ಆ ಚಿತ್ರವನ್ನು ಪ್ರದರ್ಶನದಿಂದ ಕೆಳಗಿಳಿಸಬೇಕಾಯಿತು. ದೇಶದ ರೇಷ್ಮೆ ನೇಕಾರರ ಹೊಟ್ಟೆಗೆ ಹೊಡೆಯುತ್ತಿದ್ದಾಳೆ ಎಂಬ ದೂರೂ ಬಂತು.

ಹತ್ತೇ ವರ್ಷದಲ್ಲಿ ಕ್ರಾಂತಿಯಿಂದ ಎಲ್ಲ ತಲೆಕೆಳಗಾಯಿತು. 1793ರಲ್ಲಿ ಅರಸನ ತಲೆ ಉರುಳಿತು, ರಾಣಿಯದೂ ಉರುಳಿತು. ಮೊಣಕಾಲಿನವರೆಗಿನ ರೇಷ್ಮೆ ಚಲ್ಲಣ ಸಿರಿವಂತಿಕೆಯ ಗುರುತಾಗಿ, ಉದ್ದ ಷರಾಯಿ ತೊಟ್ಟವನು ಜನಸಾಮಾನ್ಯನೆನಿಸಿದ. ಈ ತಲೆಕಡಿತ ನಿಂತು ಪ್ರಾಣಭಯ ಕಳೆದ ಮೇಲೆ ಪ್ಯಾರಿಸ್ಸಿನ ಹೆಂಗಸರು ಬಿಗಿ ಕಟ್ಟು, ಉಬ್ಬು ಲಂಗ ಬಿಸುಟು ಎದೆಯ ಕೆಳಗೇ ನೆರಿಗೆ ಹಿಡಿದ ಬಿಳಿ ನಿಲುವಂಗಿಗೆ ಬಂದರು. ಹಳೆಯ ಗ್ರೀಸ್, ರೋಮ್ ಶಿಲ್ಪಗಳ ಹೆಂಗಸರಂತೆ ಕಾಣುವುದು ಅವರ ಬಯಕೆ. ಅರಸನಿಲ್ಲದ ಹೊಸ ಗಣರಾಜ್ಯಕ್ಕೆ ಆ ಪುರಾತನರೇ ಮಾದರಿಯಾಗಿದ್ದರಲ್ಲ! 1800ರಲ್ಲಿ ಚಿತ್ರಗಾರ ದಾವೀದ್ ಬರೆದ ಮದಾಂ ರೆಕಾಮಿಯೇ ಚಿತ್ರದಲ್ಲಿರುವುದು ಇದೇ ಉಡುಪು.

ಆದರೆ ಶಿಲ್ಪದ ನೆರಿಗೆಯನ್ನು ಮೈಮೇಲೆ ಇಳಿಸಿದ್ದು ಭಾರತದ ಹತ್ತಿ. ಢಾಕಾದ ಮಗ್ಗದ ನೇಯ್ಗೆಯಷ್ಟು ತೆಳುವಾದ ಬಟ್ಟೆ ನೇಯಲು ಯುರೋಪಿಗೆ ಗೊತ್ತಿರಲಿಲ್ಲ. ಮೇಲೆ ಹೊದೆಯಲು ಕಾಶ್ಮೀರದ ಶಾಲು ಬೇಕಾಯಿತು. ಮುಂದೆ ಫ್ರಾನ್ಸಿನ ಸಾಮ್ರಾಜ್ಞಿಯಾದ ಜೋಸೆಫೀನ್‌ಗೆ ಅದರ ಹುಚ್ಚೇ ಹಿಡಿದಿತ್ತು. ಆ ಬಿಳಿ ನಿಲುವಂಗಿಯನ್ನು ಗ್ರೀಕ್ ಉಡುಪು ಎಂದು ಕರೆದವರು ನೇಕಾರನ ಹೆಸರನ್ನು ಬಿಟ್ಟರು. ಅದು ಅನ್ಯಾಯ. ಆದರೆ ಆ ಕಾಲಕ್ಕೆ ನಮ್ಮ ಕಡೆಯ ಚಿಕ್ಕನಾಯಕನಹಳ್ಳಿಯಲ್ಲಿ ದೇವಾಂಗ, ತೊಗಟ ನೇಕಾರರ ಮಗ್ಗಗಳಲ್ಲಿ ಇಳಿಯುತ್ತಿದ್ದುದು ದಪ್ಪ ಹತ್ತಿ ಬಟ್ಟೆ. ಪ್ಯಾರಿಸ್ಸಿಗಲ್ಲ, ರೈತರ ಮೈಗೆ.

ಅತ್ತಣ ಉಡುಪೂ ಇತ್ತ ಬಂತು. 1797ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದಲ್ಲಿದ್ದ ಫ್ರೆಂಚರು ರಿಪೋ ಎಂಬ ನಾವಿಕನ ಮುಂದಾಳತ್ವದಲ್ಲಿ ಜಾಕೋಬಿನ್ ಎಂಬ ಕ್ರಾಂತಿವಾದಿ ಸಂಘ ಕಟ್ಟಿ, ಸ್ವಾತಂತ್ರ್ಯದ ಮರ ನೆಟ್ಟು, ಅದರ ತುದಿಗೆ ಕ್ರಾಂತಿಯ ಟೊಪ್ಪಿಗೆ ಏರಿಸಿದರೆಂದು 1799ರಲ್ಲಿ ಕೋಟೆ ಗೆದ್ದ ಬ್ರಿಟಿಷರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಅವನ್ನು ಎಷ್ಟು ನಂಬಬೇಕು ಎಂಬ ಚರ್ಚೆ ಇತಿಹಾಸಕಾರರಲ್ಲಿ ಇನ್ನೂ ಇದೆ.

ದರ್ವೇಶ್ ಖಾನನ ಚಿತ್ರ 2019ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 72 ಲಕ್ಷ ಡಾಲರಿಗೆ ಹರಾಜಾಯಿತು. ಅದನ್ನು ನೋಡಲು ನಮ್ಮವರು ಅಷ್ಟು ದೂರ ಹೋಗಲಾರರು. ಆದರೆ ಮಾಯಸಂದ್ರದ ಕಡೆಯಿಂದ ಮೈಸೂರಿಗೆ ಹೊರಟವರು ಶ್ರೀರಂಗಪಟ್ಟಣದಲ್ಲಿ ಇಳಿದು ಟಿಪ್ಪುವಿನ ಅರಮನೆ ದರಿಯಾ ದೌಲತ್ತಿನ ಪಶ್ಚಿಮ ಗೋಡೆಯ ಚಿತ್ರ ನೋಡಲಿ. 1780ರ ಪೊಲ್ಲಿಲೂರು ಕದನದಲ್ಲಿ ಬ್ರಿಟಿಷರೆದುರು ಮೈಸೂರಿನ ಪರ ನಿಂತ ಫ್ರೆಂಚರು, ಕ್ರಾಂತಿಗೆ ಮುಂಚಿನ ತಮ್ಮ ಅಂಗಿ ಟೊಪ್ಪಿಗೆಗಳ ಸಮೇತ, ಅಲ್ಲಿದ್ದಾರೆ.