ಗಳಗನಾಥದ ಪಿರಮಿಡ್ಡು

ಪಿರಮಿಡ್ಡು ಕಟ್ಟಿದ್ದು ಅನ್ಯಗ್ರಹದವರು ಅಂತ ಆಫೀಸಿನಲ್ಲಿ ಯಾರಾದರೂ ಶುರು ಮಾಡಿದರೆ ನನಗೆ ರೇಗುತ್ತೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಮೆರೆರ್ ಅನ್ನೋ ಮೇಸ್ತ್ರಿಯ ದಿನಚರಿ ಸಿಕ್ಕಿದೆ. ತುರಾ ಗಣಿಯಲ್ಲಿ ಬಿಳಿ ಸುಣ್ಣದಕಲ್ಲು ಹೇರಿದೆವು, ದೋಣಿಯಲ್ಲಿ ಗೀಜಾಕ್ಕೆ ಹೋದೆವು, ಇಳಿಸಿದೆವು, ವಾಪಸ್ ಬಂದೆವು... ನಮ್ಮ ಟೈಮ್‌ಶೀಟ್ ಥರಾನೇ :)

ಹೀಗೆ ವಾದ ಮಾಡೋ ನಾನು, ಹಾವೇರಿ ಜಿಲ್ಲೆಯವನಾಗಿ, ಗಳಗನಾಥ ನೋಡಿರಲಿಲ್ಲ. ಕಾದಂಬರಿಕಾರ ಗಳಗನಾಥರ ಊರು ಅಂತಷ್ಟೇ ಗೊತ್ತಿತ್ತು. ದೀಪಾವಳಿಗೆ ಬ್ಯಾಡಗಿಗೆ ಹೋದಾಗ ಮಾಮಾನ ಗಾಡಿಯಲ್ಲಿ ಹಾವೇರಿ, ಗುತ್ತಲದ ಮೇಲೆ ಹೊರಟೆವು. ದಾರಿಯಲ್ಲಿ ಹಾವೇರಿಯ ಪುರದ ಸಿದ್ಧೇಶ್ವರನಿಗೂ ಕೈ ಮುಗಿದೆವು. ಅಲ್ಲಿ ಗುಡಿಗೆ ಮೆಟ್ಟಿಲು ಇಳಿದು ಹೋಗಬೇಕು, ಸುತ್ತಲಿನ ನೆಲವೇ ಮೇಲೇರಿದೆ.

ಗಳಗನಾಥದಲ್ಲಿ ವರದಾ ಬಂದು ತುಂಗಭದ್ರೆಗೆ ಸೇರುತ್ತಾಳೆ. ದಂಡೆಯ ಮೇಲೆ ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ಗುಡಿ. ಗರ್ಭಗುಡಿಯ ಹೊರಗೆ ಹೋಗಿ ನಿಂತವನು ಹಾಗೇ ನಿಂತುಬಿಟ್ಟೆ. ಸಾಮಾನ್ಯ ಗುಡಿಗಳ ಹಾಗೆ ನೆಟ್ಟಗೆ ಎದ್ದ ಗೋಡೆಯಲ್ಲ. ಕೆಳಗೆ ಅಗಲ, ಮೇಲೆ ಹೋದ ಹಾಗೆ ಸಣ್ಣದಾಗುವ ಕಲ್ಲಿನ ದಪ್ಪ ಇಳಿಜಾರು, ಥೇಟ್ ಪಿರಮಿಡ್ಡಿನ ಬುಡ!

"ಇದ್ಯಾಕ ಹಿಂಗ ಕಟ್ಯಾರ?" ಅಂದೆ.

"ಹೊಳಿ ದಂಡ್ಯಾಗ ಕಟ್ಟಬೇಕಂದ್ರ ಸುಮ್ನ ಆತೇನೋ? ಬುಡ ಗಟ್ಟಿ ಇರಬೇಕು" ಅಂದ ಮಾಮಾ.

ಈಜಿಪ್ಟಿನವರಿಗೆ ನೈಲ್ ನೆರೆ ಕಲ್ಲು ಹೊತ್ತು ತರುವ ದಾರಿ. ನಮ್ಮವರಿಗೆ ಅದೇ ನೆರೆ ಭಯ. ಆದರೆ ಇಬ್ಬರೂ ಹಿಡಿದ ಲೆಕ್ಕ ಒಂದೇ. ಭಾರವೆಲ್ಲ ಕೆಳಗಿದ್ದು ಬದಿ ಓರೆಯಾಗಿದ್ದರೆ ಬೀಳಲು ಏನೂ ಉಳಿದಿರುವುದಿಲ್ಲ, ಬಿದ್ದ ಮೇಲೆ ಗುಡ್ಡೆ ಯಾವ ಆಕಾರಕ್ಕೆ ಬರುತ್ತೋ ಆ ಆಕಾರ ಮೊದಲೇ ಬಂದಿರುತ್ತೆ. ಕೂಫೂ ಪಿರಮಿಡ್ಡಿನ ಬಿಳಿ ಹೊದಿಕೆ ಕಲ್ಲನ್ನು ಕೈರೋದವರು ಕಿತ್ತು ಮನೆ, ಮಸೀದಿ ಕಟ್ಟಿಕೊಂಡರು. ಆದರೂ 146 ಮೀಟರಿನಲ್ಲಿ ಸುಮಾರು 138 ಮೀಟರ್ ಇವತ್ತಿಗೂ ನಿಂತಿದೆ, 4500 ವರ್ಷದ ಮೇಲೆ.

ಇದನ್ನೆಲ್ಲ ಉತ್ಸಾಹದಲ್ಲಿ ಹೇಳುತ್ತಾ ಹೋದೆ. ಮಾಮಾ ಸುಮ್ಮನೆ ಕೇಳಿದ. ಮೂರು ವರ್ಷದ ಹಿಂದೆ ಎರೆಮಣ್ಣಿನ ಸೈಟಿನಲ್ಲಿ ಹೊಸ ಮನೆ ಕಟ್ಟುವಾಗ "ಎಂಜಿನಿಯರ್ ಅಳಿಯಾ, ನೋಡಪಾ" ಅಂತ ನಕ್ಷೆ ಕಳಿಸಿದ್ದ. ನನ್ನದು ಕಂಪ್ಯೂಟರ್ ಸೈನ್ಸು. ತೆರೆದು ನೋಡಿ, ಪಾಯದ ಬಗ್ಗೆ ಒಂದು ಮಾತೂ ಕೇಳದೆ, "ಚೊಲೋ ಐತಿ" ಅಂದಿದ್ದೆ. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಈಗ ಪಡಸಾಲೆ ಗೋಡೆಯಲ್ಲಿ ಬೆರಳು ಹೋಗುವಷ್ಟು ಬಿರುಕು.

"ಇಷ್ಟೆಲ್ಲಾ ಗೊತ್ತಿತ್ತಂದ್ರ ಅವತ್ತ ಹೇಳಬೇಕಿಲ್ಲೇನೋ?" ಅಂದ.

ನಾನು ಕ್ಯಾಮೆರಾ ತೆಗೆದು ಗುಡಿಯ ಬುಡದ ಫೋಟೋ ತೆಗೆಯತೊಡಗಿದೆ.