ಕಚೇರಿ ಹೋಯಿತು, ಪೇಟೆ ಉಳಿಯಿತು: ಮುಂಬಯಿ ರಾಜ್ಯ ಬಿಟ್ಟ ನಾಲ್ಕು ಜಿಲ್ಲೆಗಳ ಆರ್ಥಿಕ ಕಥನ

1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮುಂಬಯಿಯಲ್ಲಿಯೇ ಉಳಿಯಿತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳೂ ಅಲ್ಲಿಯೇ ಉಳಿದವು. ಪುಣೆಯಲ್ಲಿ ನೆಲೆಸಿದ ನಾವು ಆ ದಿನವನ್ನು ಪ್ರತಿವರ್ಷ ರಾಜ್ಯೋತ್ಸವವಾಗಿ ಆಚರಿಸುತ್ತೇವೆ. ನಮಗೆ ಅದು ನುಡಿಯ ಹಬ್ಬ, ಒಂದಾದ ದಿನದ ಹಬ್ಬ. ಆದರೆ ಒಂದು ಕಡೆ ಸೇರುವುದೆಂದರೆ ಇನ್ನೊಂದು ಕಡೆಯನ್ನು ಬಿಡುವುದೂ ಹೌದು. ಬಿಟ್ಟದ್ದರ ಲೆಕ್ಕವನ್ನು ನಮ್ಮ ಸಭೆಗಳಲ್ಲಿ ಕೇಳುವುದು ಅಪರೂಪ.

2020ರ ಜನವರಿ 31ರಂದು ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟಾಗ, ಬಿಡುವುದರ ಬೆಲೆಯೆಷ್ಟು ಎಂಬ ಚರ್ಚೆ ಜಗತ್ತಿನ ಪತ್ರಿಕೆಗಳನ್ನೆಲ್ಲ ತುಂಬಿತ್ತು. ನಮ್ಮ ನಾಲ್ಕು ಜಿಲ್ಲೆಗಳು ದೇಶವನ್ನೇನೂ ಬಿಡಲಿಲ್ಲ. ನಾಣ್ಯ ಬದಲಾಗಲಿಲ್ಲ, ಸುಂಕದ ಗೋಡೆ ಏಳಲಿಲ್ಲ. ಆದರೂ ಸುಮಾರು ಒಂದು ಶತಮಾನ ಅಥವಾ ಅದಕ್ಕೂ ಹೆಚ್ಚು ಕಾಲ ತಮ್ಮ ಕಂದಾಯ, ಸಾಲ, ಸರಕು, ವಿದ್ಯೆ ಎಲ್ಲವೂ ಹರಿಯುತ್ತಿದ್ದ ವ್ಯವಸ್ಥೆಯೊಂದರಿಂದ ಅವು ಹೊರಬಂದವೆಂಬುದು ನಿಜ. ಹಾಗೆ ಹೊರಬಂದುದರಿಂದ ಏನಾಯಿತು ಎಂಬುದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಆ ವ್ಯವಸ್ಥೆ ಕಟ್ಟಲ್ಪಟ್ಟ ಬಗೆಯನ್ನು ಮೊದಲು ನೋಡೋಣ. 1818ರಲ್ಲಿ ಪೇಶ್ವೆಯರ ಆಳಿಕೆ ಮುಗಿದ ಮೇಲೆ ಧಾರವಾಡದ ಸೀಮೆ ಮುಂಬಯಿ ಇಲಾಖೆಯ ದಕ್ಷಿಣದ ಅಂಚಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ಹತ್ತಿ ಇದಕ್ಕೆ ಮುಖ್ಯ ಕಾರಣ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಆ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. ಬೆಳೆದ ಊರಿನ ಹೆಸರಲ್ಲ, ಹಡಗೇರಿದ ಊರಿನ ಹೆಸರು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಿತು. 1884ರಲ್ಲಿ ಸೊಲ್ಲಾಪುರದ ಬಳಿಯ ಹೋಟಗಿಯಿಂದ ವಿಜಾಪುರದ ಮೂಲಕ ಗದಗಿಗೆ ಹಳಿ ಬಿದ್ದಿತು. 1890ರ ಹೊತ್ತಿಗೆ ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾಗಳವರೆಗೆ ಇನ್ನೊಂದು ದಾರಿ ಸಿದ್ಧವಾಯಿತು. ಹತ್ತಿ ರೈಲೇರಿತು, ಕುಮಟೆಯ ಬಂದರು ಬಡವಾಯಿತು. ಆಗ ಯಾವ ಗಡಿಯೂ ಬದಲಾಗಿರಲಿಲ್ಲ, ದಾರಿ ಬದಲಾಗಿತ್ತು ಅಷ್ಟೆ. ಮುಂದಿನ ಕಥೆಯನ್ನು ತಿಳಿಯಲು ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಸರಕಿನ ಹಾದಿಯಲ್ಲಿಯೇ ವಿದ್ಯೆಯೂ ಉದ್ಯಮವೂ ನಡೆದವು. ಕರ್ನಾಟಕ ಏಕೀಕರಣದ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಬೇಂದ್ರೆಯವರು ಪದವಿ ಪಡೆದದ್ದೂ ಅಲ್ಲಿಯೇ. ಬಿಡಬೇಕೆಂಬ ವಿಚಾರವನ್ನು ಬೆಳೆಸಿದವರೇ ಬಿಡಬೇಕಾದ ಪ್ರಾಂತದ ವಿದ್ಯೆಯಿಂದ ಬೆಳೆದವರಾಗಿದ್ದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಕಬ್ಬಿಣದ ನೇಗಿಲು ಮಾಡಿ, 1910ರಲ್ಲಿ ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದರು. ಆ ಮನೆತನದ ಕಾರಖಾನೆಗಳು ಮುಂದೆ 1941ರಲ್ಲಿ ಹರಿಹರದಲ್ಲಿ, 1946ರಲ್ಲಿ ಪುಣೆ ಮತ್ತು ಬೆಂಗಳೂರುಗಳಲ್ಲಿ ತಲೆಯೆತ್ತಿದವು. ಹರಿಹರ ಅಂದು ಮೈಸೂರು ಸಂಸ್ಥಾನದ ಗಡಿಯ ಊರು; ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ. ಬಂಡವಾಳಕ್ಕೆ ಆ ಗಡಿ ಅಡ್ಡಿಯಾಗಲಿಲ್ಲ.

ಹಾಗಾದರೆ ಬಿಡಬೇಕೆನಿಸಿದ್ದೇಕೆ? ನುಡಿಯ ಅಭಿಮಾನದ ಜೊತೆಗೆ ಆರ್ಥಿಕ ಅಸಮಾಧಾನವೂ ಇತ್ತು. ಮುಂಬಯಿಯ ಖಜಾನೆ ದೂರ, ಅಲ್ಲಿಯ ಶಾಸನಸಭೆಯಲ್ಲಿ ಕನ್ನಡಿಗರು ಕೆಲವೇ ಮಂದಿ. ಕೃಷ್ಣೆ, ಮಲಪ್ರಭೆಗಳು ಹರಿಯುವ ಸೀಮೆಯಲ್ಲಿ ಬರಗಾಲ ತಪ್ಪಿರಲಿಲ್ಲ. ಅತ್ತ ಹಳೆಯ ಮೈಸೂರಿನಲ್ಲಿ ಬೇರೆಯ ಅಂಜಿಕೆಯಿತ್ತು. ಮಳೆಯಿಲ್ಲದ, ನೀರಾವರಿಯಿಲ್ಲದ ಉತ್ತರದ ಜಿಲ್ಲೆಗಳ ಹೊರೆ ತಮ್ಮ ಖಜಾನೆಯ ಮೇಲೆ ಬೀಳುವುದೆಂದು ಅಲ್ಲಿಯ ಎಷ್ಟೋ ಮುಖಂಡರು ಏಕೀಕರಣಕ್ಕೆ ಹಿಂಜರಿದರು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ಆ ಪ್ರವಾಹಕ್ಕೆ ಎದುರಾಗಿ ಏಕೀಕರಣದ ಪರ ನಿಂತರು. 1955ರ ಸೆಪ್ಟೆಂಬರಿನಲ್ಲಿ ಫಜಲ್ ಅಲಿ ಆಯೋಗದ ವರದಿ ಬಂದಿತು, ಮರುವರ್ಷ ಕಾನೂನಾಯಿತು.

ನವೆಂಬರ್ 1ರಂದು ಸ್ಥಳಾಂತರವಾದದ್ದು ಆಡಳಿತ. ಮೇಲ್ಮನವಿಗೆ ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದ ಕಕ್ಷಿದಾರ ಇನ್ನು ಬೆಂಗಳೂರಿಗೆ ಹೋಗಬೇಕಾಯಿತು. ಜಿಲ್ಲಾ ಸಹಕಾರಿ ಬ್ಯಾಂಕುಗಳಿಗೆ ಮುಂಬಯಿಯ ಬದಲು ಬೆಂಗಳೂರಿನ ಅಪೆಕ್ಸ್ ಬ್ಯಾಂಕು ಹಿರಿಯದಾಯಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ದೇಶದ ಮೊದಲ ಸಹಕಾರಿ ಸಂಘವನ್ನು ಕಂಡ ಸೀಮೆಗೆ ಇದು ಸಣ್ಣ ಬದಲಾವಣೆಯಲ್ಲ. ಆದರೆ ಹುಬ್ಬಳ್ಳಿಯ ಹತ್ತಿಗೂ ಗದಗಿನ ಶೇಂಗಾಕ್ಕೂ ನಿಪ್ಪಾಣಿಯ ತಂಬಾಕಿಗೂ ಕೊಳ್ಳುವವರು ಮೊದಲಿದ್ದಲ್ಲಿಯೇ ಇದ್ದರು. ಇಂಡಿಯ ರೈತನಿಗೆ ಸೊಲ್ಲಾಪುರವೇ ದೊಡ್ಡ ಪೇಟೆಯಾಗಿ ಉಳಿಯಿತು. ಕಚೇರಿ ದಕ್ಷಿಣಕ್ಕೆ ಹೋಯಿತು; ಪೇಟೆ ಉತ್ತರದಲ್ಲಿಯೇ ಉಳಿಯಿತು.

ಒಂದೇ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕೆಂದು ಸಂವಿಧಾನದ 301ನೆಯ ವಿಧಿ ಹೇಳುತ್ತದೆ. ಆದರೂ ಗಡಿ ಮೆಲ್ಲಗೆ ಪೇಟೆಯೊಳಗೂ ಬಂದಿತು. ಅಂತರರಾಜ್ಯ ವ್ಯಾಪಾರದ ಮೇಲಿನ ಕೇಂದ್ರ ಮಾರಾಟ ತೆರಿಗೆ 1957ರ ಜುಲೈ 1ರಿಂದ ಜಾರಿಗೆ ಬಂದಿತು. ನೋಂದಾಯಿತ ವ್ಯಾಪಾರಿಗಳ ನಡುವಿನ ಮಾರಾಟಕ್ಕೆ ಮೊದಲು ದರ ಶೇ. 1 ಮಾತ್ರ, 1963ರಲ್ಲಿ 2, 1966ರಲ್ಲಿ 3, 1975ರಲ್ಲಿ 4. ಒಂದು ವರ್ಷದ ಹಿಂದೆ ಒಂದೇ ರಾಜ್ಯದೊಳಗಿನ ವಹಿವಾಟಾಗಿದ್ದ ಹುಬ್ಬಳ್ಳಿ-ಮುಂಬಯಿ, ವಿಜಾಪುರ-ಸೊಲ್ಲಾಪುರ ವ್ಯಾಪಾರ ಈಗ ಅಂತರರಾಜ್ಯ ವ್ಯಾಪಾರವಾಯಿತು. ತೆರಿಗೆಗಿಂತ ಅದರ ಕಾಗದಪತ್ರ, ತಪಾಸಣಾ ನಾಕೆಯಲ್ಲಿ ಸಾಲುಗಟ್ಟುವ ಲಾರಿ, ಅಲ್ಲಿ ಕಳೆಯುವ ರಾತ್ರಿ ಇವೇ ಸಣ್ಣ ವ್ಯಾಪಾರಿಗೆ ದೊಡ್ಡ ಖರ್ಚು.

1960ರ ದಶಕದ ಮಧ್ಯದಲ್ಲಿ ಆಹಾರದ ಕೊರತೆ ಬಂದಾಗ ಒಂದೊಂದು ರಾಜ್ಯವೂ ಒಂದೊಂದು ಧಾನ್ಯವಲಯವಾಯಿತು. ಮಂಗಳವೇಢೆಯ ಎರೆಭೂಮಿಯೂ ವಿಜಾಪುರದ ಎರೆಭೂಮಿಯೂ ಒಂದೇ, ಬೆಳೆಯುವ ಹಿಂಗಾರಿ ಜೋಳವೂ ಒಂದೇ. ಆದರೆ ಆ ಜೋಳದ ಚೀಲ ಗಡಿ ದಾಟಲು ಸರ್ಕಾರದ ಅಪ್ಪಣೆ ಬೇಕಾಯಿತು. 1972ರಿಂದ ಮಹಾರಾಷ್ಟ್ರ ತನ್ನ ಹತ್ತಿಯನ್ನೆಲ್ಲ ಸರ್ಕಾರಿ ಏಕಸ್ವಾಮ್ಯದಲ್ಲಿ ಕೊಳ್ಳತೊಡಗಿತು. ಗಡಿಯ ಈಚೆ ಹತ್ತಿಪೇಟೆ ಖಾಸಗಿಯಾಗಿಯೇ ನಡೆಯಿತು. ಬದು ಒಂದೇ, ಬೆಲೆಯ ವ್ಯವಸ್ಥೆ ಎರಡು.

ಎಲ್ಲಕ್ಕಿಂತ ಹೆಚ್ಚಿನ ಬೆಲೆ ತೆತ್ತವರು ಗೇಣಿದಾರರೆಂದು ನಮಗೆ ತೋರುತ್ತದೆ. ಈ ಭಾಗದಲ್ಲಿ ಲಾವಣಿಯಿಂದ ಹೊಲ ಮಾಡುವ ರೈತರಿಗೆ 1948ರ ಮುಂಬಯಿ ಗೇಣಿ ಕಾಯ್ದೆ ರಕ್ಷಣೆ ಕೊಟ್ಟಿತ್ತು. ಮುಂಬಯಿ ಸರ್ಕಾರ 1956ರಲ್ಲಿ ಅದನ್ನು ತಿದ್ದಿ ಇನ್ನೊಂದು ದೊಡ್ಡ ಹೆಜ್ಜೆಯಿಟ್ಟಿತು: 1957ರ ಏಪ್ರಿಲ್ 1 ‘ಕೃಷಕ ದಿನ’, ಅಂದಿನಿಂದ ಉಳುವ ಗೇಣಿದಾರ ಆ ಹೊಲವನ್ನು ಕೊಂಡವನೆಂದೇ ಕಾನೂನಿನ ಎಣಿಕೆ. ಆ ದಿನಕ್ಕೆ ಐದು ತಿಂಗಳು ಮೊದಲು ನಮ್ಮ ಜಿಲ್ಲೆಗಳು ಮುಂಬಯಿಯನ್ನು ಬಿಟ್ಟಿದ್ದವು. ಹೊಸ ಮೈಸೂರು ರಾಜ್ಯದಲ್ಲಿ ಸೀಮೆಗೊಂದು ಭೂಕಾಯ್ದೆ ಇದ್ದುದರಿಂದ, ಎಲ್ಲಕ್ಕೂ ಒಂದೇ ಕಾಯ್ದೆ ಬರುವವರೆಗೆ ಎಂದು ಆ ಕಲಮುಗಳನ್ನು ತಡೆಹಿಡಿಯಲಾಯಿತು. ಕಾಯ್ದೆಯ ರೂಪ ಸೂಚಿಸಲು 1957ರಲ್ಲಿ ನೇಮಕವಾದ ಸಮಿತಿಗೆ ಅಧ್ಯಕ್ಷರಾದವರು ಜಮಖಂಡಿಯ ಬಿ. ಡಿ. ಜತ್ತಿಯವರು, ಅವರೂ ಮುಂಬಯಿಯ ರಾಜಕಾರಣದಿಂದಲೇ ಬಂದವರು. ಕಾಯ್ದೆ ಆದದ್ದು 1961ರಲ್ಲಿ, ಜಾರಿಯಾದದ್ದು 1965ರ ಅಕ್ಟೋಬರ್ 2ರಂದು. ಗೇಣಿ ಪದ್ಧತಿಯನ್ನೇ ಕಿತ್ತೊಗೆದು ಉಳುವವನೇ ಒಡೆಯನೆಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿ, 1974ರ ಮಾರ್ಚ್ 1ರಿಂದ. ಚಂದಗಡದ ಗೇಣಿದಾರನಿಗೆ 1957ರಲ್ಲಿ ಬಂದ ಹಕ್ಕಿಗಾಗಿ ಪಕ್ಕದ ಬೆಳಗಾವಿ ತಾಲೂಕಿನವನು ಹದಿನೇಳು ವರ್ಷ ಕಾಯಬೇಕಾಯಿತು. ಆ ಅವಧಿಯಲ್ಲಿ ಒಡೆಯರಿಗೆ ಹೊಲ ಬಿಟ್ಟುಕೊಟ್ಟವರ ಪಾಲಿಗೆ 1974ರ ಕಾಯ್ದೆ ತಡವಾಗಿ ಬಂದಿತು.

ಇದು ನಷ್ಟದ ಪಟ್ಟಿಯಾಯಿತು. ಲಾಭದ ಪಟ್ಟಿಯಲ್ಲಿ ಮೊದಲ ಹೆಸರು ನೀರಿನದು. ಮುಂಬಯಿಯಲ್ಲಿಯೇ ಉಳಿದಿದ್ದರೆ ಕೃಷ್ಣೆಯ ವಿಷಯದಲ್ಲಿ ಈ ಜಿಲ್ಲೆಗಳು ರಾಜ್ಯವೊಂದರ ಕೊನೆಯ ಅಂಚಿನ ಬೇಡಿಕೆದಾರರಾಗಿರುತ್ತಿದ್ದವು. ಬೇರೆ ರಾಜ್ಯವಾದ್ದರಿಂದ ನ್ಯಾಯಾಧಿಕರಣದ ಮುಂದೆ ಸಮಾನ ಕಕ್ಷಿದಾರರಾಗಿ ನಿಲ್ಲಲು ಸಾಧ್ಯವಾಯಿತು. ಬಚಾವತ್ ನ್ಯಾಯಾಧಿಕರಣ 1973ರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿಎಂಸಿ ನೀರು ಹಂಚಿತು. ನವಿಲುತೀರ್ಥ, ಹಿಡಕಲ್, ಆಲಮಟ್ಟಿಗಳು ಏಕೀಕರಣದ ನಂತರದ ನಿರ್ಮಾಣಗಳು. ಧಾರವಾಡದ ಕೃಷಿ ಸಂಶೋಧನೆಯಿಂದ 1972ರಲ್ಲಿ ಬಂದ ‘ವರಲಕ್ಷ್ಮಿ’ ಸಂಕರ ಹತ್ತಿ ಈ ಸೀಮೆಯ ರೈತನ ಕೈಗೆ ಹೊಸ ಬೆಳೆಯನ್ನಿತ್ತಿತು.

ಆದರೆ ಬಿಟ್ಟುಬಂದ ಸಂಸ್ಥೆಗಳ ಜಾಗದಲ್ಲಿ ಹೊಸವು ಬೇಗ ಬರಲಿಲ್ಲ. ಹುಬ್ಬಳ್ಳಿ ರೈಲ್ವೆ ವಲಯದ ಕೇಂದ್ರವಾದದ್ದು 2003ರಲ್ಲಿ. ಧಾರವಾಡಕ್ಕೆ ಹೈಕೋರ್ಟಿನ ಪೀಠ ಬಂದದ್ದು 2008ರಲ್ಲಿ. ಬೆಳಗಾವಿಯಲ್ಲಿ ಸುವರ್ಣ ವಿಧಾನಸೌಧ ಎದ್ದದ್ದು 2012ರಲ್ಲಿ. ಅರ್ಧ ಶತಮಾನ ಕಳೆದಿತ್ತು. ಅಷ್ಟರಲ್ಲಿ ಮಹಾರಾಷ್ಟ್ರ 1962ರಲ್ಲಿ ಕೈಗಾರಿಕಾ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿ, ಪುಣೆಯ ಪಿಂಪರಿ-ಚಿಂಚವಡ ದೇಶದ ದೊಡ್ಡ ವಾಹನೋದ್ಯಮದ ನೆಲೆಯಾಗಿತ್ತು. ದಕ್ಷಿಣದಲ್ಲಿ ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್‌ಗಳಿಂದ ಬೆಂಗಳೂರು ಬೆಳೆದಿತ್ತು. ಎರಡೂ ನಗರಗಳಿಗೆ ಸುಮಾರು ನಾಲ್ಕುನೂರು ಕಿಲೋಮೀಟರಿನಾಚೆ ನಡುವೆ ನಿಂತ ಹುಬ್ಬಳ್ಳಿ ಎರಡರ ಬೆಳವಣಿಗೆಗೂ ಸಮಾನವಾಗಿ ದೂರವಾಯಿತು. ಇಂದು ಪುಣೆಯಲ್ಲಿ ವಿಜಾಪುರ, ಕಲಬುರಗಿ ಕಡೆಯ ಕಟ್ಟಡ ಕಾರ್ಮಿಕರ ಕನ್ನಡವನ್ನು ಕೇಳಿದಾಗ ಹಳೆಯ ದಾರಿ ಮುಚ್ಚಿಲ್ಲವೆಂಬುದು ನಮಗೆ ತಿಳಿಯುತ್ತದೆ. ಮೊದಲು ಆ ದಾರಿಯಲ್ಲಿ ಹತ್ತಿ ಬರುತ್ತಿತ್ತು, ಈಗ ದುಡಿಯುವ ಕೈಗಳು ಬರುತ್ತಿವೆ.

ಪೇಟೆಯ ಸಂಬಂಧ ಎಷ್ಟು ಗಟ್ಟಿಯೆಂಬುದಕ್ಕೆ ನಿಪ್ಪಾಣಿ ಸಾಕ್ಷಿ. 1981ರಲ್ಲಿ ಅಲ್ಲಿಯ ತಂಬಾಕು ಬೆಳೆಗಾರರು ನ್ಯಾಯಬೆಲೆಗಾಗಿ ಪುಣೆ-ಬೆಂಗಳೂರು ಹೆದ್ದಾರಿಯನ್ನು ತಡೆದರು. ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಚಳವಳಿಯ ಮುಂದಾಳು ಪುಣೆಯ ಬಳಿಯ ಚಾಕಣದಲ್ಲಿ ಈರುಳ್ಳಿ ಬೆಳೆಗಾರರನ್ನು ಸಂಘಟಿಸಿದ್ದ ಶರದ ಜೋಶಿಯವರು. ಅಲ್ಲಿ ನಡೆದದ್ದು ಬೆಲೆಯ ಜಗಳ. ರಾಜ್ಯದ ಗಡಿ ಅದರಲ್ಲಿ ಎಣಿಕೆಗೆ ಬರಲಿಲ್ಲ.

ಹೋಗಲಾರದೆ ಉಳಿದವರ ಮಾತೂ ಇದೆ. 1967ರಲ್ಲಿ ಮಹಾಜನ ಆಯೋಗ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಸೇರಿಸಬೇಕೆಂದಿತು. ಅದು ಕಾಗದದಲ್ಲಿಯೇ ಉಳಿಯಿತು. ಜತ್ತ ತಾಲೂಕಿನ ಹಳ್ಳಿಗಳು ನೀರಿಗಾಗಿ ಕರ್ನಾಟಕ ಸೇರುತ್ತೇವೆಂದದ್ದು 2022ರ ಕೊನೆಯಲ್ಲಿ ಎರಡೂ ರಾಜ್ಯಗಳಲ್ಲಿ ಮತ್ತೆ ದೊಡ್ಡ ಸುದ್ದಿಯಾಯಿತು. ಆ ಬೇಡಿಕೆಯ ಮೊದಲ ಶಬ್ದ ನುಡಿಯಲ್ಲ, ನೀರು.

ಹಾಗಾದರೆ ಒಟ್ಟು ಲೆಕ್ಕವೇನು? 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲೂಕುಗಳಲ್ಲಿ 114 ಹಿಂದುಳಿದವೆಂದಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ ಹೈದರಾಬಾದು ಸಂಸ್ಥಾನದಿಂದ ಬಂದ ಭಾಗ ಹೆಚ್ಚಾಗಿರುವ ಕಲಬುರಗಿ ವಿಭಾಗದ ಪಾಲು 21. ಮುಂಬಯಿಯಿಂದ ಬಂದ ಬೆಳಗಾವಿ ವಿಭಾಗದ ಪಾಲು 5. ಎರಡೂ ಒಂದೇ ದಿನ, ಒಂದೇ ರಾಜ್ಯವನ್ನು ಸೇರಿದ್ದವು. ಮುಂಬಯಿ ಬಿಟ್ಟವರು ರೈಲು, ಶಾಲೆ, ಸಹಕಾರಿ ಸಂಘ, ಪೇಟೆಯ ಪರಿಚಯಗಳನ್ನು ಜೊತೆಗೆ ತಂದಿದ್ದರು. ನಿಜಾಮನ ಸೀಮೆಯವರಿಗೆ ತರಲು ಅಷ್ಟಿರಲಿಲ್ಲ. ಬಿಟ್ಟದ್ದರಿಂದ ನಾವು ಹಾಳಾದೆವು ಎಂಬ ಮಾತಿಗೂ, ಸೇರಿದ್ದರಿಂದಲೇ ಎಲ್ಲ ಬಂದಿತು ಎಂಬ ಮಾತಿಗೂ ಈ ಅಂಕಿಗಳಲ್ಲಿ ಆಧಾರವಿಲ್ಲ. ಬಿಡುವಾಗ ಕೈಯಲ್ಲಿ ಏನಿತ್ತು, ಬಿಟ್ಟ ಮೇಲೆ ಎಷ್ಟು ಬೇಗ ಏನನ್ನು ಕಟ್ಟಿದರು ಎಂಬುದರ ಮೇಲೆ ಫಲ ನಿಂತಿತ್ತು.

2017ರ ಜುಲೈ 1ರಂದು ಜಿಎಸ್‌ಟಿ ಬಂದು ಬಹುತೇಕ ಸರಕುಗಳಿಗೆ ಕೇಂದ್ರ ಮಾರಾಟ ತೆರಿಗೆ ನಿಂತಿತು; ರಾಜ್ಯಗಳು ಮಾರಾಟ ತೆರಿಗೆಯ ನಾಕೆಗಳನ್ನು ತೆಗೆದವು. ಪೇಟೆಯೊಳಗೆ ಬಂದಿದ್ದ ಗಡಿ ಸರಿಯಾಗಿ ಅರವತ್ತು ವರ್ಷಕ್ಕೆ ಹಿಂದೆ ಸರಿಯಿತು. ಗೇಣಿದಾರನ ಹದಿನೇಳು ವರ್ಷಗಳನ್ನು ಮಾತ್ರ ಯಾವ ಸುಧಾರಣೆಯೂ ಮರಳಿ ಕೊಡಲಾರದು. ಏಕೀಕರಣಕ್ಕೆ ಹೋರಾಡಿದವರನ್ನು ನಾವು ನವೆಂಬರಿನಲ್ಲಿ ಹೆಸರು ಹಿಡಿದು ನೆನೆಯುತ್ತೇವೆ, ನೆನೆಯಲೇಬೇಕು. ಅದರ ಬೆಲೆಯನ್ನು ತಮಗರಿವಿಲ್ಲದೆಯೇ ತೆತ್ತ ಆ ರೈತರಿಗೂ ನಮ್ಮ ಏಕೀಕರಣದ ಚರಿತ್ರೆಯಲ್ಲಿ ಒಂದು ಪುಟ ಸಲ್ಲಬೇಕು.